ಪರಿವೇಶ್ ಚೀಟಿ ಇದ್ದರೆ ಹೋಮ್‌ಸ್ಟೇಯಲ್ಲಿ ಮಕಾವ್ ತೋರಿಸಬಹುದೇ?

ಓದುಗರ ಪ್ರಶ್ನೆ: ಕುಮಟಾದಿಂದ ಗೋಕರ್ಣಕ್ಕೆ ಹೋಗುವ ಕಡೆ ನಮ್ಮದೊಂದು ಅಡಿಕೆ, ತೆಂಗಿನ ತೋಟ. ಅದರೊಳಗೇ ನಾಲ್ಕು ಕೋಣೆಯ ಹೋಮ್‌ಸ್ಟೇ ನಡೆಸುತ್ತೇವೆ. ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಮಕ್ಕಳ ಜೊತೆ ಬರುವವರು "ಇಲ್ಲಿ ನೋಡೋಕೆ ಏನಿದೆ?" ಅಂತ ಕೇಳುತ್ತಾರೆ. ಹತ್ತಿರದ ಒಂದು ರೆಸಾರ್ಟಿನಲ್ಲಿ ಎರಡು ಮಕಾವ್ (ದೊಡ್ಡ ವಿದೇಶಿ ಗಿಳಿ), ಒಂದು ಇಗ್ವಾನಾ (ದೊಡ್ಡ ಹಲ್ಲಿಯಂಥ ವಿದೇಶಿ ಪ್ರಾಣಿ), ಒಂದು ಬಾಲ್ ಪೈಥಾನ್ (ವಿದೇಶಿ ಹೆಬ್ಬಾವು) ಇಟ್ಟಿದ್ದಾರೆ. ಹೆಗಲ ಮೇಲೆ ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳಲು 200 ರೂಪಾಯಿ. ಪಕ್ಕದ ಪಂಜರದಲ್ಲಿ ನಮ್ಮೂರ ಹಸಿರು ಗಿಳಿಗಳು, ಎರಡು ನಕ್ಷತ್ರ ಆಮೆ ಕೂಡ ಇವೆ. ಅಲ್ಲಿಗೆ ಪ್ರಾಣಿ ಕೊಟ್ಟ ಏಜೆಂಟ್ ಈಗ ನಮ್ಮಲ್ಲಿಗೂ ಬಂದಿದ್ದಾರೆ. "ವಿದೇಶಿ ಪ್ರಾಣಿಗೆ ನಮ್ಮ ಕಾಯ್ದೆ ತಾಗುವುದಿಲ್ಲ. ಪರಿವೇಶ್ ಪೇಪರ್ (ಸರ್ಕಾರದ ಆನ್‌ಲೈನ್ ನೋಂದಣಿ ಚೀಟಿ) ನಾನೇ ಮಾಡಿಸಿ ಕೊಡುತ್ತೇನೆ. ಬೇಕಾದರೆ ತಿಂಗಳ ಬಾಡಿಗೆಗೂ ಕೊಡುತ್ತೇನೆ" ಅನ್ನುತ್ತಾರೆ. ಸ್ವಲ್ಪ ಮುಂಗಡ ಕೊಟ್ಟುಬಿಟ್ಟಿದ್ದೇನೆ. ಇದು ಸರಿಯೇ? ಸರಿಯಲ್ಲ ಅಂತಾದರೆ ಆ ರೆಸಾರ್ಟಿನ ಬಗ್ಗೆ ನಾನೇನು ಮಾಡಬೇಕು? ಒಂದೇ ಊರಿನವರು, ಮುಖ ಕೆಡಿಸಿಕೊಳ್ಳಲು ಮನಸ್ಸಿಲ್ಲ. ಇನ್ನೊಂದು ವಿಷಯ, ನಮ್ಮ ಮನೆಯಲ್ಲೂ ಅಮ್ಮ ಹತ್ತು ವರ್ಷದಿಂದ ಒಂದು ಗಿಳಿ ಸಾಕಿದ್ದಾರೆ. ಅದೂ ತಪ್ಪೇ?

ಉತ್ತರ:

ಪ್ರಾಣಿಗಳು ಮನೆಗೆ ಬರುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ನಾನು ವನ್ಯಜೀವಿ ಪಶುವೈದ್ಯ. ನನಗೆ ಕರೆ ಬರುವುದು ಹೆಚ್ಚಾಗಿ ಪ್ರಾಣಿ ಕಾಯಿಲೆ ಬಿದ್ದ ಮೇಲೆ, ಇಲ್ಲವೇ ಅರಣ್ಯ ಇಲಾಖೆ ವಶಪಡಿಸಿಕೊಂಡ ಮೇಲೆ. ಆ ಹೊತ್ತಿಗೆ ಮಾಲೀಕರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ನಿಮ್ಮ ಕೈಯಲ್ಲಿ ಇನ್ನೂ ಎಲ್ಲ ಇದೆ.

ನಿಮ್ಮ ಏಜೆಂಟ್ ಹೇಳಿದ್ದರಲ್ಲಿ ಅರ್ಧ ಹಳೆಯ ಸತ್ಯ, ಅರ್ಧ ಸುಳ್ಳು. ವಿದೇಶಿ ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಹುಮಟ್ಟಿಗೆ ಅನ್ವಯಿಸುತ್ತಿರಲಿಲ್ಲ ಎನ್ನುವುದು ನಿಜ. ಗಡಿ ದಾಟಿ ಒಳಗೆ ಬಂದ ಮೇಲೆ ಮಕಾವ್ ಯಾರ ಮನೆಯಲ್ಲಿದೆ ಎಂದು ಕೇಳುವವರಿರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ, ಇಂಥ ಪ್ರಾಣಿ ಇಟ್ಟುಕೊಂಡವರು ತಾವಾಗಿಯೇ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರಲ್ಲಿ ಕಾಯ್ದೆಗೇ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೊದಲಿದ್ದ ಆರು ಅನುಸೂಚಿಗಳು ನಾಲ್ಕಾದವು. ಒಂದು ಮತ್ತು ಎರಡರಲ್ಲಿ ನಮ್ಮ ಪ್ರಾಣಿಗಳು, ಮೂರರಲ್ಲಿ ಸಸ್ಯಗಳು. ನಾಲ್ಕನೆಯದರಲ್ಲಿ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳು. ನೀವು ಹೇಳಿದ ಮಕಾವ್, ಇಗ್ವಾನಾ, ಬಾಲ್ ಪೈಥಾನ್ ಮೂರೂ ಈ ನಾಲ್ಕನೇ ಪಟ್ಟಿಗೆ ಬರುತ್ತವೆ. ಇವನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಲೇಬೇಕು. ಅದಕ್ಕೆ 2024ರ ಫೆಬ್ರವರಿಯಲ್ಲಿ ನಿಯಮಗಳು ಬಂದವು. ಆಗಲೇ ಪ್ರಾಣಿ ಇದ್ದವರಿಗೆ ಆರು ತಿಂಗಳ ಗಡುವು ಇತ್ತು, ಅದು ಮುಗಿದಿದೆ. ಹೊಸದಾಗಿ ಪಡೆದವರು 30 ದಿನದೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮರಿ ಹಾಕಿದರೆ, ಸತ್ತರೆ, ಕೈ ಬದಲಾದರೆ ಅದನ್ನೂ ದಾಖಲಿಸಬೇಕು.

ಹಾಗಾದರೆ ಆ ಪೇಪರ್ ಇದ್ದರೆ ಸಾಕಲ್ವಾ? ಸಾಲದು. ಎಲ್ಲರೂ ಎಡವುವುದು ಇಲ್ಲೇ. ಪರಿವೇಶ್ ನೋಂದಣಿ ಗಾಡಿಯ ಆರ್‌ಸಿ ಇದ್ದ ಹಾಗೆ. ಗಾಡಿ ಯಾರದ್ದು ಎಂದು ಅದು ಹೇಳುತ್ತದೆ, ಬಾಡಿಗೆ ಓಡಿಸಲು ಪರ್ಮಿಟ್ ಬೇರೆ ಬೇಕು. ಈ ಪ್ರಾಣಿ ಇಂಥವರ ಬಳಿ ಇದೆ ಎಂಬ ದಾಖಲೆ ಅಷ್ಟೇ ಅದು. ದುಡ್ಡು ಪಡೆದು ಜನರಿಗೆ ತೋರಿಸಿ, ಹೆಗಲ ಮೇಲೆ ಕೂರಿಸಿ ಎಂದು ಆ ಕಾಗದದಲ್ಲಿ ಎಲ್ಲೂ ಬರೆದಿರುವುದಿಲ್ಲ.

ತೋರಿಸುವುದಕ್ಕೆ ಬೇರೆ ಕಾನೂನಿದೆ. ಸಂರಕ್ಷಿತ ಪ್ರಾಣಿಗಳನ್ನು ಜನರ ವೀಕ್ಷಣೆಗೆ ಇಡುವ ಜಾಗ ಒಂದು ಪಂಜರದ್ದೇ ಆಗಲಿ, ಊರೂರು ತಿರುಗುವುದೇ ಆಗಲಿ, ಕಾಯ್ದೆಯ ಕಣ್ಣಿನಲ್ಲಿ ಅದು ಮೃಗಾಲಯ. ರೆಸ್ಕ್ಯೂ ಸೆಂಟರ್ ಎಂದು ಬೋರ್ಡ್ ಹಾಕಿದರೂ ಅಷ್ಟೇ, ಅದೂ ಅದೇ ವ್ಯಾಖ್ಯೆಯೊಳಗೆ ಬರುತ್ತದೆ. ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಮೃಗಾಲಯ ಶುರು ಮಾಡುವಂತಿಲ್ಲ, ಮಾನ್ಯತೆ ಇಲ್ಲದೆ ನಡೆಸುವಂತಿಲ್ಲ. ಈ ಪ್ರಾಧಿಕಾರ 1992ರಿಂದ ಇದೆ. ಇನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಟಿಕೆಟ್ ಇಟ್ಟು ಜನರ ಮನರಂಜನೆಗೆ ಪ್ರಾಣಿಯನ್ನು ಪ್ರದರ್ಶಿಸುವವರು ನೋಂದಣಿ ಮಾಡಿಸಿರಬೇಕು ಎನ್ನುತ್ತದೆ ಅದು. ಪ್ರಾಣಿ ದೇಶಿಯೋ ವಿದೇಶಿಯೋ ಎಂಬ ಭೇದ ಅಲ್ಲಿಲ್ಲ. ಕೆಲವು ವಕೀಲರು "ಬರೀ ವಿದೇಶಿ ಹಕ್ಕಿ ಇದ್ದರೆ ಅದು ಮೃಗಾಲಯವಲ್ಲ" ಎಂದು ವಾದ ಮಾಡುತ್ತಾರೆ. ವಾದ ಮಾಡಲಿ. ಆದರೆ ಆ ವಾದ ನಡೆಯುವುದು ಕೇಸು ಬಿದ್ದ ಮೇಲೆ, ಖರ್ಚು ನಿಮ್ಮದು. ನಾಲ್ಕು ಕೋಣೆಯ ಹೋಮ್‌ಸ್ಟೇಗೆ ಅದು ಭರಿಸುವ ಖರ್ಚಲ್ಲ.

ಬಾಡಿಗೆಗೆ ಕೊಡುತ್ತೇನೆ ಎಂಬ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸಿತು. ಪ್ರಾಣಿ ಏಜೆಂಟನ ಹೆಸರಲ್ಲಿ, ಇರುವುದು ನಿಮ್ಮ ತೋಟದಲ್ಲಿ. ತಪಾಸಣೆಗೆ ಬಂದವರು ಮೊದಲು ಕೇಳುವುದು ಪ್ರಾಣಿ ಯಾರ ವಶದಲ್ಲಿ ಸಿಕ್ಕಿತು ಎಂದು. ಕಾಯ್ದೆಯ 57ನೇ ಕಲಂ ನೋಡಿ. ಸಂರಕ್ಷಿತ ಪ್ರಾಣಿ ನಿಮ್ಮ ವಶದಲ್ಲಿತ್ತು ಎಂದು ಸಾಬೀತಾದರೆ, ಅದು ಅಕ್ರಮ ಎಂದೇ ನ್ಯಾಯಾಲಯ ಭಾವಿಸಬಹುದು. ಸಕ್ರಮ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಆಗ ಏಜೆಂಟ್ ಫೋನ್ ಎತ್ತುತ್ತಾರೆಯೇ?

ಇನ್ನು ಆ ಪೇಪರ್ ಅಸಲಿಯೇ ಎಂಬ ಪ್ರಶ್ನೆ. ಒಂದು ಹಕ್ಕಿಯ ಕಾಗದದಲ್ಲಿ ಮೂರು ಹಕ್ಕಿ ಓಡಾಡುವುದನ್ನು ನಾನು ನೋಡಿದ್ದೇನೆ. ಕಾಲಿಗೆ ಬಿಚ್ಚಲಾಗದ ಉಂಗುರವಾಗಲಿ, ಚರ್ಮದಡಿ ಮೈಕ್ರೋಚಿಪ್ ಆಗಲಿ ಇಲ್ಲದಿದ್ದರೆ ಕಾಗದದಲ್ಲಿರುವ ಮಕಾವ್ ಇದೇ ಎಂದು ಹೇಳುವುದು ಹೇಗೆ? ಹೋದ ತಿಂಗಳು ಒಂದು ಸತ್ತರೆ ಅದೇ ಕಾಗದಕ್ಕೆ ಇನ್ನೊಂದು ಬರುತ್ತದೆ. ಆ ಇನ್ನೊಂದು ಎಲ್ಲಿಂದ ಬಂತು? 2023ರ ಆಗಸ್ಟ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕರೊಬ್ಬರ ಬ್ಯಾಗಿನಲ್ಲಿ 234 ಪ್ರಾಣಿಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಹೆಬ್ಬಾವು, ಇಗ್ವಾನಾ, ಆಮೆಗಳ ನಡುವೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿ ಇತ್ತು. ಬದುಕಿ ಬಂದರೆ ಮಾರುವುದು, ಸತ್ತರೆ ಎಸೆಯುವುದು, ಆ ವ್ಯಾಪಾರದ ಲೆಕ್ಕವೇ ಅದು. ಎಲ್ಲ ಏಜೆಂಟರೂ ಹಾಗೇ ಎಂದು ನಾನು ಹೇಳುವುದಿಲ್ಲ. ಇಲ್ಲೇ ಮರಿ ಮಾಡಿಸುವವರೂ ಇದ್ದಾರೆ. ಆದರೆ ಯಾವ ಜೋಡಿಯಿಂದ, ಯಾವ ವರ್ಷ, ಯಾರ ಬಳಿ ಹುಟ್ಟಿದ್ದು ಎಂದು ಕೇಳಿದಾಗ ತಡಬಡಾಯಿಸಿದರೆ ಅಲ್ಲಿಗೆ ಮಾತು ನಿಲ್ಲಿಸಿ.

ಈಗ ಪಕ್ಕದ ರೆಸಾರ್ಟಿನ ಗಿಳಿ ಮತ್ತು ಆಮೆ. ಇಲ್ಲಿ ವಾದಕ್ಕೇ ಜಾಗವಿಲ್ಲ. ನಕ್ಷತ್ರ ಆಮೆ ಈಗ ಒಂದನೇ ಅನುಸೂಚಿಯಲ್ಲಿದೆ, ಹುಲಿಯಷ್ಟೇ ರಕ್ಷಣೆ. ಸೈಟಿಸ್‌ನಲ್ಲೂ 2019ರಿಂದ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಹೋಗಿದೆ. ಒಂದನೇ ಅನುಸೂಚಿಯ ಪ್ರಾಣಿ ಎಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಹಸಿರು ಗಿಳಿ ಎರಡನೇ ಅನುಸೂಚಿಯದು. ಅದಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಲಾಕೆಟ್ ವಿಷಯ ಟಿವಿ ಶೋ ತನಕ ಹೋಗಿ, ರಾಜ್ಯದಲ್ಲಿ ಎಷ್ಟು ಜನ ಗಾಬರಿಯಾದರು ಅಲ್ವಾ? ಉಗುರಿಗೇ ಹಾಗಾದರೆ ಜೀವಂತ ಪ್ರಾಣಿಗೆ ಏನು ಎಂದು ಯೋಚಿಸಿ.

ಕಾನೂನಿನ ಮಾತು ಸಾಕು. ಆ ಪ್ರಾಣಿಗಳ ಮೈಯಲ್ಲಿ ಏನಾಗುತ್ತದೆ ಎಂಬುದು ನನ್ನ ಕೆಲಸದ ವಿಷಯ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕರಾವಳಿಯ ಮಳೆಗಾಲ ನಿಮಗೆ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಸಲು ಬರುತ್ತದೆ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಇಗ್ವಾನಾಕ್ಕೆ ತೇವ ಒಗ್ಗುತ್ತದೆ, ಆದರೆ ದಿನಾ ಬಿಸಿಲು ಬೇಕು. ಬಿಸಿಲಿನ ನೇರಳಾತೀತ ಕಿರಣ ಮೈಗೆ ಬೀಳದಿದ್ದರೆ ಅದಕ್ಕೆ ವಿಟಮಿನ್ ಡಿ ಸಿಗುವುದಿಲ್ಲ, ತಿಂದ ಸುಣ್ಣದಂಶ ಮೂಳೆಗೆ ಸೇರುವುದಿಲ್ಲ. ದವಡೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ. ಮೋಡದ ತಿಂಗಳುಗಳಲ್ಲಿ ಅದಕ್ಕೆಂದೇ ತಯಾರಾದ ದೀಪ ಹಾಕಬೇಕು. ಸಾಮಾನ್ಯ ಬಲ್ಬ್ ಪ್ರಯೋಜನವಿಲ್ಲ. ನಕ್ಷತ್ರ ಆಮೆ ಒಣ ಕುರುಚಲು ಕಾಡಿನ ಜೀವಿ. ನಮ್ಮ ಜೌಗಿನಲ್ಲಿ ಅದರ ಮೂಗು ಸೋರುತ್ತದೆ, ನ್ಯುಮೋನಿಯಾ ಆಗುತ್ತದೆ. ಬಾಯಿ ತೆರೆದು ಉಸಿರಾಡುವ ಆಮೆಯನ್ನು ನೋಡಿ "ನಗ್ತಿದೆ" ಎಂದು ಮಕ್ಕಳಿಗೆ ತೋರಿಸಿದವರಿದ್ದಾರೆ. ಮಕಾವ್‌ನಂಥ ಹಕ್ಕಿಗಳ ಶ್ವಾಸಕೋಶಕ್ಕೆ ಬೂಸಲು ಹತ್ತಿದರೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ.

ಬಾಲ್ ಪೈಥಾನ್ ರಾತ್ರಿ ಓಡಾಡುವ ಹಾವು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುತ್ತದೆ, ಅದಕ್ಕೇ ಆ ಹೆಸರು. ಹಗಲಲ್ಲಿ ಒಬ್ಬರ ಕೊರಳಿನಿಂದ ಇನ್ನೊಬ್ಬರ ಕೊರಳಿಗೆ ದಾಟಿಸುವಾಗ ಅದು ಸುಮ್ನೆ ಇರುವುದನ್ನು ನೋಡಿ ಸಾಧು ಎನ್ನುತ್ತಾರೆ. ಅದಕ್ಕೆ ಓಡಲು ಜಾಗವಿಲ್ಲ, ಅಷ್ಟೇ. ಮಕಾವ್‌ಗೆ 50 ವರ್ಷ ಬದುಕುವ ಶಕ್ತಿಯಿದೆ. ಜೋಡಿಯಾಗಿ, ಗುಂಪಾಗಿ ಬಾಳುವ ಹಕ್ಕಿ. ರೆಕ್ಕೆ ಕತ್ತರಿಸಿ ಕೋಲಿನ ಮೇಲೆ ಕೂರಿಸಿದರೆ ತನ್ನ ಎದೆಯ ಗರಿಯನ್ನು ತಾನೇ ಕಿತ್ತುಕೊಳ್ಳಲು ಶುರು ಮಾಡುತ್ತದೆ. ಆ ರೆಸಾರ್ಟಿನ ಮಕಾವ್‌ಗಳ ಎದೆಯನ್ನು ಒಮ್ಮೆ ಗಮನಿಸಿ ನೋಡಿ. ನಿಮಗೆ ಈಗ ನಲವತ್ತು ವಯಸ್ಸಾಗಿದ್ದರೆ, ಈ ಹಕ್ಕಿ ನಿಮ್ಮ ನಂತರವೂ ಇರುತ್ತದೆ. ಆಗ ಅದನ್ನು ನೋಡಿಕೊಳ್ಳುವವರು ಯಾರು? ಪ್ರವಾಸಿಗರ ಸೀಸನ್ ಬಿದ್ದುಹೋದ ವರ್ಷ ಅದರ ಕಾಳು, ಹಣ್ಣಿನ ಖರ್ಚು ಎಲ್ಲಿಂದ?

ಅತಿಥಿಗಳ ಆರೋಗ್ಯದ ಮಾತೂ ಇದೆ. ಇಗ್ವಾನಾ, ಆಮೆ, ಹಾವುಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಪ್ರಾಣಿಗೆ ಏನೂ ಆಗಿರುವುದಿಲ್ಲ. ಅದನ್ನು ಮುಟ್ಟಿ ಬೆರಳು ಬಾಯಿಗಿಟ್ಟ ಮಗುವಿಗೆ ವಾಂತಿ ಭೇದಿ ಶುರುವಾಗುತ್ತದೆ, ಐದು ವರ್ಷದೊಳಗಿನವರಲ್ಲಿ ಗಂಭೀರವಾಗಬಹುದು. ಗಿಳಿ ಜಾತಿಯ ಹಕ್ಕಿಗಳ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೆ ನ್ಯುಮೋನಿಯಾದಂಥ ಜ್ವರ ಬರಬಹುದು. ಗಟ್ಟಿ ಕಾಯಿ ಒಡೆಯುವ ಮಕಾವ್ ಕೊಕ್ಕಿಗೆ ಮಗುವಿನ ಬೆರಳು ಯಾವ ಲೆಕ್ಕ? ಮಂಗ ಸಾಕುವ ಯೋಚನೆ ನಿಮ್ಮ ಪತ್ರದಲ್ಲಿಲ್ಲ, ಆದರೂ ಹೇಳಿಬಿಡುತ್ತೇನೆ, ಏಕೆಂದರೆ ಏಜೆಂಟರು ಮುಂದಿನ ಸಲ ಚಿಕ್ಕ ಮಾರ್ಮೊಸೆಟ್ ಕೋತಿಯನ್ನು ತರುತ್ತಾರೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ನಮ್ಮ ಸಿದ್ದಾಪುರ, ಹೊನ್ನಾವರದ ಕಡೆ ಇಂದಿಗೂ ಜೀವ ತೆಗೆಯುತ್ತಿದೆ. ಉಣ್ಣಿ ಎಂಬ ರಕ್ತ ಹೀರುವ ಹುಳದಿಂದ ಹರಡುವ ರೋಗ ಅದು. ಇಂಥ ಜಿಲ್ಲೆಯಲ್ಲಿ ಯಾವುದೇ ಜಾತಿಯ ಕೋತಿಯನ್ನು ತೋಟದಲ್ಲಿ ಕಟ್ಟಿ ಹಾಕಿ ಅತಿಥಿಗಳನ್ನು ಕರೆಯಬಾರದು.

ಪ್ರಾಣಿ ತಪ್ಪಿಸಿಕೊಂಡರೆ? ಅಮೆರಿಕದ ಫ್ಲೋರಿಡಾದಲ್ಲಿ ಸಾಕಿದವರ ಕೈತಪ್ಪಿದ ಇಗ್ವಾನಾಗಳು ಇವತ್ತು ಊರಿಗೆ ಊರೇ ತುಂಬಿವೆ. ನಮ್ಮ ಬೆಚ್ಚನೆಯ ಕರಾವಳಿ, ಅಘನಾಶಿನಿ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ದಡ ಅದಕ್ಕೆ ಫ್ಲೋರಿಡಾಕ್ಕಿಂತ ಹಿತ. 2022ರ ತಿದ್ದುಪಡಿಯಲ್ಲಿ ಇಂಥ ಆಕ್ರಮಣಕಾರಿ ಜೀವಿಗಳನ್ನು ನಿಯಂತ್ರಿಸುವ ಅಧಿಕಾರವನ್ನೂ ಕೇಂದ್ರಕ್ಕೆ ಕೊಟ್ಟಿದ್ದಾರೆ. ಗೇಟು ತೆರೆದಿಟ್ಟ ಒಂದು ರಾತ್ರಿಯನ್ನು ಆ ಅಧಿಕಾರ ತಡೆಯಲಾರದು.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಏಜೆಂಟ್ ಹೇಳಿದಂತೆ ಮಾಡುವುದು ಒಂದು. ಮೇಲೆ ಹೇಳಿದ ಅಪಾಯವೆಲ್ಲ ಅದರೊಂದಿಗೆ ಬರುತ್ತದೆ, ನಾನು ಬೇಡ ಎನ್ನುತ್ತೇನೆ. ಕಾನೂನು ಪ್ರಕಾರವೇ ಕಿರು ಮೃಗಾಲಯ ಮಾಡುವುದು ಇನ್ನೊಂದು. ಮಾಸ್ಟರ್ ಪ್ಲಾನ್, ಪಶುವೈದ್ಯರ ವ್ಯವಸ್ಥೆ, ಪ್ರತ್ಯೇಕ ಆರೈಕೆಯ ಕೋಣೆ, ತರಬೇತಾದ ಸಿಬ್ಬಂದಿ ಎಲ್ಲ ಬೇಕು. ಪ್ರಾಣಿಯನ್ನು ಏಜೆಂಟರಿಂದ ಕೊಳ್ಳುವಂತಿಲ್ಲ, ಮಾನ್ಯತೆ ಪಡೆದ ಮೃಗಾಲಯದಿಂದ ಪ್ರಾಧಿಕಾರದ ಒಪ್ಪಿಗೆ ಪಡೆದೇ ತರಬೇಕು. ನಿಮ್ಮ ಅಳತೆಯ ಉದ್ಯಮಕ್ಕೆ ಇದು ಆಗುವ ಹೋಗುವ ಮಾತಲ್ಲ. ಪ್ರಾಣಿ ನೋಡಲೇಬೇಕು ಎನ್ನುವ ಅತಿಥಿಗಳಿಗೆ ಶಿವಮೊಗ್ಗದ ತ್ಯಾವರೆಕೊಪ್ಪ, ಮಂಗಳೂರಿನ ಪಿಲಿಕುಳ, ಬೆಳಗಾವಿಯ ಭೂತರಾಮನಹಟ್ಟಿಯ ಮೃಗಾಲಯಗಳ ದಾರಿ ತೋರಿಸಿ. ಅಲ್ಲಿ ಕೊರತೆಗಳಿರಬಹುದು, ಆದರೆ ಲೆಕ್ಕ ಕೇಳುವವರಿದ್ದಾರೆ.

ಬಡ್ಜಿ, ಕಾಕಟೀಲ್‌ನಂಥ ಹಕ್ಕಿ ಇಡಬಹುದೇ ಎಂದು ಹಲವರು ಕೇಳುತ್ತಾರೆ. ಇವೆರಡೂ ಸೈಟಿಸ್ ಪಟ್ಟಿಯಲ್ಲಿಲ್ಲ, ಪರಿವೇಶ್ ನೋಂದಣಿ ಬೇಕಿಲ್ಲ. ಹಾರಾಡುವಷ್ಟು ದೊಡ್ಡ ಪಂಜರ ಕಟ್ಟಿ, ಮುಟ್ಟಲು ಬಿಡದೆ, ಟಿಕೆಟ್ ಇಡದೆ ಸಾಕಿದರೆ ನನ್ನ ತಕರಾರು ಕಡಿಮೆ. ಆದರೆ ಹಿಂಸೆ ತಡೆ ಕಾಯ್ದೆ ಇವಕ್ಕೂ ಅನ್ವಯಿಸುತ್ತದೆ, ಮಳೆಗಾಲದ ಬೂಸಲೂ ಅದೇ.

ನಿಜ ಹೇಳಬೇಕೆಂದರೆ ನಿಮಗೆ ಪಂಜರವೇ ಬೇಡ. ಕಾಲ್ನಡಿಗೆಯಲ್ಲಿ ಅಘನಾಶಿನಿ ಅಳಿವೆ ಇದೆ. ಇಳಿತದ ಹೊತ್ತಿಗೆ ಬೆಳಚು (ಚಿಪ್ಪುಮೀನು) ಹೆಕ್ಕುವವರನ್ನು ತೋರಿಸಿ, ಚಳಿಗಾಲದಲ್ಲಿ ದೂರದೇಶದಿಂದ ಬರುವ ದಡದ ಹಕ್ಕಿಗಳನ್ನು ತೋರಿಸಿ. ಒಂದು ಜೊತೆ ಒಳ್ಳೆಯ ಬೈನಾಕ್ಯುಲರ್ ಮಕಾವ್‌ನ ಬೆಲೆಯ ಮುಂದೆ ಏನೂ ಅಲ್ಲ. ಸಮುದ್ರದಲ್ಲಿ ಡಾಲ್ಫಿನ್ ಇವೆ. ಅವನ್ನು ಕೊಳದಲ್ಲಿಟ್ಟು ತೋರಿಸುವ ಡಾಲ್ಫಿನೇರಿಯಂಗೆ ಕೇಂದ್ರ 2013ರಲ್ಲೇ ಬೇಡ ಎಂದಿದೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಕಡಲಾಮೆ ಮೊಟ್ಟೆಯಿಡುತ್ತವೆ. ಇಲಾಖೆಯವರು ಮರಿ ಬಿಡುವ ದಿನ ದೂರ ನಿಂತು ನೋಡಬಹುದು. ಮರಿಯನ್ನು ಕೈಗೆ ಕೊಡಿಸುತ್ತೇವೆ ಎಂದು ಮಾತ್ರ ಯಾವ ಅತಿಥಿಗೂ ಮಾತು ಕೊಡಬೇಡಿ. ಘಟ್ಟ ಹತ್ತಿ ಶಿರಸಿ ಕಡೆ ಹೋದರೆ ಮಂಗಟ್ಟೆ ಹಕ್ಕಿ, ಸಿಂಗಳೀಕ. ಸಿಂಗಳೀಕಕ್ಕೆಂದೇ 2011ರಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಗಿದೆ. ಒಮ್ಮೊಮ್ಮೆ ಏನೂ ಕಾಣದೆ ವಾಪಸ್ ಬರಬೇಕಾಗುತ್ತದೆ. ಅದನ್ನು ಅತಿಥಿಗಳಿಗೆ ಮೊದಲೇ ಹೇಳಿ. ಹೆಚ್ಚಿನವರು ಬೇಸರಪಡುವುದಿಲ್ಲ.

ರೆಸಾರ್ಟಿನ ವಿಷಯಕ್ಕೆ ಬರುತ್ತೇನೆ. ಮೊದಲು ಅವರ ಹತ್ತಿರ ಮಾತಾಡಲೇ ಎಂದು ನಿಮ್ಮ ಮನಸ್ಸು ಹೇಳುತ್ತಿರಬಹುದು. ಬರೀ ವಿದೇಶಿ ಪ್ರಾಣಿ ಇದ್ದಿದ್ದರೆ ನಾನೂ ಹೌದು ಎನ್ನುತ್ತಿದ್ದೆ. ಅವರೂ ನಿಮ್ಮ ಹಾಗೆ ಏಜೆಂಟನ ಮಾತು ನಂಬಿರಬಹುದು. ಆದರೆ ನಕ್ಷತ್ರ ಆಮೆ ಇರುವಲ್ಲಿ ಮುನ್ಸೂಚನೆ ಕೊಟ್ಟರೆ ಆ ಆಮೆಗಳು ರಾತ್ರೋರಾತ್ರಿ ಎಲ್ಲಿಗೋ ಸಾಗುತ್ತವೆ, ಅಥವಾ ಹತ್ತಿರದ ಬೆಟ್ಟದಲ್ಲಿ ಬಿಟ್ಟುಬಿಡುತ್ತಾರೆ. ಅಲ್ಲಿ ಅವು ಬದುಕುವುದಿಲ್ಲ. ಹಾಗಾಗಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ, ಜೊತೆಗೆ ಹೊನ್ನಾವರ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಲಿಖಿತವಾಗಿ ಬರೆಯಿರಿ. ಯಾವ ದಿನ, ಯಾವ ಪ್ರಾಣಿ, ಎಷ್ಟು, ಎಲ್ಲಿ ನೋಡಿದಿರಿ ಎಂಬಷ್ಟೇ ಸಾಕು. ಅವರೇ ಜಾಹೀರಾತಿಗೆ ಹಾಕಿಕೊಂಡ ಫೋಟೋಗಳಿದ್ದರೆ ಉಳಿಸಿಕೊಳ್ಳಿ. ಬೇಲಿ ಹಾರಿ ಫೋಟೋ ತೆಗೆಯುವ ಸಾಹಸ ಬೇಡ. ಹೆಸರು ಗುಟ್ಟಾಗಿಡಿ ಎಂದು ಪತ್ರದಲ್ಲೇ ಕೇಳಿ. ಇಲಾಖೆ ಕ್ರಮ ಕೈಗೊಳ್ಳದಿದ್ದರೆ, 60 ದಿನಗಳ ನೋಟಿಸ್ ಕೊಟ್ಟು ನಾಗರಿಕರೇ ನ್ಯಾಯಾಲಯಕ್ಕೆ ದೂರು ಕೊಡಲು 55ನೇ ಕಲಂನಲ್ಲಿ ಅವಕಾಶವಿದೆ. ಅಷ್ಟು ದೂರ ಹೋಗುವ ಅಗತ್ಯ ಬರಲಿಕ್ಕಿಲ್ಲ.

ವಶಪಡಿಸಿಕೊಂಡ ಮೇಲೂ ಪ್ರಾಣಿಗಳ ಕಷ್ಟ ಮುಗಿಯುವುದಿಲ್ಲ ಎಂಬುದನ್ನು ಮುಚ್ಚಿಡಲಾರೆ. ಮಕಾವ್ ಅನ್ನು ನಮ್ಮ ಕಾಡಿಗೆ ಬಿಡುವಂತಿಲ್ಲ. ಮೃಗಾಲಯಗಳಲ್ಲಿ ಜಾಗ ಕಡಿಮೆ, ಹೊಸ ಪ್ರಾಣಿಯಿಂದ ಹಳೆಯವಕ್ಕೆ ರೋಗ ತಗಲುವ ಭಯ. ಇದಕ್ಕೇ ನಾನು ಮೊದಲ ಬಾಗಿಲಲ್ಲೇ ತಡೆಯಬೇಕು ಎನ್ನುವುದು. ಪ್ರಾಧಿಕಾರದವರು ತಪಾಸಣೆಗೆ ಹೋಗುವುದು ಮಾನ್ಯತೆ ಪಡೆದ ಜಾಗಗಳಿಗೆ. ಮಾನ್ಯತೆಯೇ ಕೇಳದವರನ್ನು ಹುಡುಕುವ ಹೊರೆ ರೇಂಜ್ ಮಟ್ಟದ ಸಿಬ್ಬಂದಿ ಮೇಲೆ ಬೀಳುತ್ತದೆ. ಅವರಿಗೆ ಒತ್ತುವರಿ, ಕಾಡುಹಂದಿ, ಆನೆ ಎಂದು ನೂರು ಕೆಲಸ. ಹೋಮ್‌ಸ್ಟೇ, ರೆಸಾರ್ಟುಗಳಿಗೆ ಪರವಾನಗಿ ಕೊಡುವಾಗ ಮತ್ತು ನವೀಕರಿಸುವಾಗ "ಇಲ್ಲಿ ಯಾವ ಪ್ರಾಣಿ ಇದೆ" ಎಂಬ ಒಂದು ಸಾಲಿನ ಘೋಷಣೆಯನ್ನು ಪಂಚಾಯ್ತಿಯವರೇ ಕಡ್ಡಾಯ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ತಿಳಿಯಾಗುತ್ತದೆ. ನಿಮ್ಮ ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಬಹುದು. ಅದರಲ್ಲಿ ಯಾರ ಹೆಸರನ್ನೂ ಹೇಳಬೇಕಿಲ್ಲ.

ಅಮ್ಮನ ಗಿಳಿ ಬಗ್ಗೆ ಕೇಳಿದಿರಿ. ಪ್ರೀತಿಯಿಂದ ಸಾಕಿದ್ದು ಎಂಬುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ, ಅದೂ ತಪ್ಪೇ. ಆದರೆ ಗಾಬರಿಯಿಂದ ಇವತ್ತೇ ಬಾಗಿಲು ತೆರೆದು ಹಾರಿಸಿಬಿಡಬೇಡಿ. ಹತ್ತು ವರ್ಷ ಅನ್ನ, ಮೆಣಸಿನಕಾಯಿ ತಿಂದು ಬೆಳೆದ ಗಿಳಿಗೆ ಆಹಾರ ಹುಡುಕುವುದು ಗೊತ್ತಿಲ್ಲ, ಹಾರುವ ಸ್ನಾಯುಗಳೂ ಸೊರಗಿರುತ್ತವೆ. ಕಾಗೆಗಳು ಒಂದು ದಿನ ಉಳಿಸುವುದಿಲ್ಲ. ನೀವೇ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ವಿಷಯ ಹೇಳಿ, ಬರಹದಲ್ಲಿ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ತಾನಾಗಿ ಬಂದು ಒಪ್ಪಿಸುವವರಿಗೂ ದಾಳಿಯಲ್ಲಿ ಸಿಕ್ಕವರಿಗೂ ಅಧಿಕಾರಿಗಳು ವ್ಯತ್ಯಾಸ ಮಾಡುವುದನ್ನು ನಾನು ಕಂಡಿದ್ದೇನೆ. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅದಕ್ಕೆ ಏನು ಇಷ್ಟ, ಯಾವ ಹೊತ್ತಿಗೆ ತಿನ್ನುತ್ತದೆ ಎಂದು ನೋಡಿಕೊಳ್ಳುವವರಿಗೆ ಹೇಳಬಲ್ಲವರು ಅವರೊಬ್ಬರೇ.

ಕೊಟ್ಟ ಮುಂಗಡವನ್ನು ವಾಪಸ್ ಕೇಳಿ ಏಜೆಂಟರಿಗೆ ಇವತ್ತೇ ಒಂದು ಸಂದೇಶ ಕಳಿಸಿ. ಫೋನಿನಲ್ಲಿ ಮಾತಾಡುವುದು ಬೇಡ, ಬರಹದಲ್ಲೇ ಇರಲಿ. ಪ್ರದರ್ಶನಕ್ಕೆ ಬೇಕಾದ ಒಪ್ಪಿಗೆ ಇಲ್ಲದ ಕಾರಣ ಯಾವ ಪ್ರಾಣಿಯನ್ನೂ ನಮ್ಮ ಜಾಗಕ್ಕೆ ತರಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಹಣ ಬಾರದಿದ್ದರೂ ಆ ಸಂದೇಶ ನಿಮ್ಮ ಬಳಿ ಇರಲಿ. ಹಣದ ಬದಲು ಒಂದು ಹಕ್ಕಿ ಇಟ್ಟುಕೊಳ್ಳಿ ಎಂದರೆ ಗೇಟಿನಿಂದಲೇ ವಾಪಸ್ ಕಳಿಸಿ.